ಸುದರ್ಶನ ಕ್ರಿಯೆ, ವಿಜ್ಞಾನ ಮತ್ತು 'ಕಲ್ಟ್' ಎಂಬ ಮಾತು: ಯುವಜನರ ಕೂಟದ ಅಧ್ಯಯನ

ಶಿವಮೊಗ್ಗದವರು, ಭದ್ರಾವತಿಯಿಂದ ಬಸ್ ಹಿಡಿದು ಬಂದವರು, ಬೆಂಗಳೂರಿಂದ ವೀಕೆಂಡ್‌ಗೆ ಮನೆಗೆ ಬಂದವರು, ಎಲ್ಲರಿಗೂ ಸ್ತೋತ್ರ. ಬೈಬಲ್ ತೆಗೆಯಿರಿ. ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ, 11ನೇ ವಚನ. ಮೊಬೈಲಲ್ಲಿ ಓದುವವರು ದಯವಿಟ್ಟು ವಾಟ್ಸಾಪ್ ಮುಚ್ಚಿ. ಬೆರೋಯದ ಜನರ ವಿಷಯ ಅದು. ಪೌಲ ಬಂದು ಸುವಾರ್ತೆ ಹೇಳಿದಾಗ ಅವರು ಸಂತೋಷದಿಂದಲೇ ಕೇಳಿದರು. ಆದರೆ ಕೇಳಿ ಸುಮ್ಮನಾಗಲಿಲ್ಲ, ಹೇಳಿದ್ದು ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರ ತೆಗೆದು ನೋಡಿದರು. ಲೂಕನು ಅದಕ್ಕೆ ಅವರನ್ನು ಬೈಯಲಿಲ್ಲ, ಹೊಗಳಿದ. ಪೌಲನೇ ಹೇಳಿದ್ದನ್ನು ಚೆಕ್ ಮಾಡಿದವರು ಅವರು, ಪ್ರಿಯರೇ!

ಈ ಅಧ್ಯಯನಕ್ಕೆ ಕಾರಣ ಒಂದು ಫೋನ್ ಕಾಲ್. ನಮ್ಮ ಭದ್ರಾವತಿಯ ಸಹೋದರಿಯೊಬ್ಬಳು ಬೆಂಗಳೂರಲ್ಲಿ ಐಟಿ ಕೆಲಸ ಮಾಡ್ತಾಳೆ. ಅವಳ ಆಫೀಸಲ್ಲಿ ಆರ್ಟ್ ಆಫ್ ಲಿವಿಂಗ್‌ನ ಉಸಿರಾಟದ ಶಿಬಿರ ಇಟ್ಟಿದ್ದರಂತೆ. ಎಚ್‌ಆರ್‌ನವರು "ಇದು ಧರ್ಮ ಅಲ್ಲ, ಪೂರ್ತಿ ಸೈನ್ಸ್" ಅಂದರಂತೆ. ಅದೇ ದಿನ ಅವಳ ಅಣ್ಣ ಒಂದು ವಿಡಿಯೋ ಫಾರ್ವರ್ಡ್ ಮಾಡಿದ್ದಾನೆ: "ಇದು ಕಲ್ಟ್, ಹೋದವರು ವಾಪಸ್ ಬರಲ್ಲ." ಅವಳು ಕೇಳಿದ್ದು ಇಷ್ಟೇ. "ಪಾಸ್ಟರ್ ಅಂಕಲ್, ಎರಡರಲ್ಲಿ ಯಾವುದು ನಿಜ?"

ತಕ್ಷಣ ಉತ್ತರ ಕೊಡಲು ನನಗೆ ನಾಚಿಕೆಯಾಯಿತು. ಯಾಕೆ ಅಂತ ಹೇಳ್ತೀನಿ. ಕೆಲವು ವರ್ಷಗಳ ಹಿಂದೆ ಇದೇ ಪುಲ್ಪಿಟ್ಟಲ್ಲಿ ನಿಂತು ನಾನು ಜೋರಾಗಿ ಹೇಳಿದ್ದೆ: "ಈ ಕ್ರಿಯೆಯಲ್ಲಿ ವಿಜ್ಞಾನ ಒಂದು ಚೂರೂ ಇಲ್ಲ, ಒಬ್ಬ ಡಾಕ್ಟರೂ ಇದನ್ನ ಪರೀಕ್ಷೆ ಮಾಡಿಲ್ಲ." ನೀವೆಲ್ಲ ಆಮೆನ್ ಅಂದಿರಿ. ಕೂಟ ಮುಗಿದ ಮೇಲೆ ನರ್ಸಿಂಗ್ ಓದುವ ಒಬ್ಬ ತಮ್ಮ ಚಪ್ಪಲಿ ಹಾಕ್ಕೊಳ್ತಾ ಮೆಲ್ಲಗೆ ಹೇಳಿದ. "ಪಾಸ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಹಾನ್ಸ್‌ನವರೇ ಮಾಡಿದ್ದಾರೆ." ಬೇಜಾರು ಆಯ್ತು, ಸುಳ್ಳು ಹೇಳಲ್ಲ. ರಾತ್ರಿ ಅವನು ಕಳಿಸಿದ್ದನ್ನ ಓದಿದೆ. ಅವನು ಹೇಳಿದ್ದೇ ಸರಿ. ವಿಮೋಚನಕಾಂಡ 20ರ ಸುಳ್ಳುಸಾಕ್ಷಿಯ ಆಜ್ಞೆಯಲ್ಲಿ ನೆರೆಯವನು ಅಂದರೆ ನಮ್ಮ ಸಭೆಯವನು ಮಾತ್ರ ಅಂತ ಎಲ್ಲೂ ಬರೆದಿಲ್ಲ. ಹಾಗಾಗಿ ಇವತ್ತು ಆ ತಪ್ಪನ್ನು ನಿಮ್ಮ ಮುಂದೆಯೇ ಸರಿ ಮಾಡ್ತಾ ಇದೀನಿ.

ಮೊದಲು ಇದು ನಮ್ಮ ಊರಿನದೇ ಕಥೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಶ್ರೀ ಶ್ರೀ ರವಿಶಂಕರ್ ಅವರು ಆರ್ಟ್ ಆಫ್ ಲಿವಿಂಗ್ ಶುರು ಮಾಡಿದ್ದು 1981ರಲ್ಲಿ. ಅವರ ಸಂಸ್ಥೆಯವರು ಹೇಳುವ ಪ್ರಕಾರ 1982ರಲ್ಲಿ ಅವರು ಶಿವಮೊಗ್ಗದಲ್ಲಿ 10 ದಿನ ಮೌನದಲ್ಲಿದ್ದರು, ಭದ್ರಾ ನದಿಯ ದಡದಲ್ಲಿ ಸುದರ್ಶನ ಕ್ರಿಯೆ ಅವರಿಗೆ ಹೊಳೆಯಿತು. ಶಿವಮೊಗ್ಗ ಪೇಟೆಯಲ್ಲಿ ಹರಿಯೋದು ತುಂಗೆ, ಭದ್ರೆ ಇರೋದು ಭದ್ರಾವತಿಯವರ ಹತ್ತಿರ, ಎರಡೂ ಸೇರೋದು ಕೂಡ್ಲಿಯಲ್ಲಿ. ಭದ್ರಾವತಿಯವರು ಈಗ ನಗ್ತಾ ಇದಾರೆ, ನದಿ ನಮ್ಮದು ಅಂತ. ಇರಲಿ. ಈಗ ಒಂದು ಪ್ರಶ್ನೆ. ಮೌನದಲ್ಲಿ ಹೊಳೆದದ್ದು ಅನ್ನೋದು ವಿಜ್ಞಾನದ ಭಾಷೆಯಾ? ಅಲ್ಲ, ಅದು ಸಾಕ್ಷಿಯ ಭಾಷೆ. ನಾವೂ ಅದೇ ಭಾಷೆ ಆಡ್ತೀವಿ, "ಕರ್ತನು ನನ್ನ ಹೃದಯದಲ್ಲಿ ಮಾತಾಡಿದ" ಅಂತೀವಿ. ಒಂದು ವಿಷಯ ಎಲ್ಲಿಂದ ಬಂತು ಅನ್ನೋದು ಬೇರೆ, ಅದು ಕೆಲಸ ಮಾಡುತ್ತಾ ಅನ್ನೋದು ಬೇರೆ. ಎರಡನೆಯದನ್ನು ಅಳೆಯಬಹುದು.

ನಿಮ್ಹಾನ್ಸ್‌ನವರು ಅಳೆದು 2000ದಲ್ಲಿ ಪ್ರಕಟಿಸಿದರು. ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ಸೇರಿದ 45 ಜನರನ್ನು 15 ಜನರ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಜನ ಶಾಕ್ ಟ್ರೀಟ್‌ಮೆಂಟ್ ಅಂತಾರಲ್ಲ ಆ ಇಸಿಟಿ, ಒಂದಕ್ಕೆ ಇಮಿಪ್ರಮಿನ್ ಅನ್ನೋ ಮಾತ್ರೆ, ಇನ್ನೊಂದಕ್ಕೆ ಸುದರ್ಶನ ಕ್ರಿಯೆ. ನಾಲ್ಕು ವಾರದ ಕೊನೆಗೆ ಖಿನ್ನತೆಯ ಲಕ್ಷಣ ಹೆಚ್ಚುಕಡಿಮೆ ಹೋದವರು ಇಸಿಟಿಯಲ್ಲಿ ಶೇ. 93, ಮಾತ್ರೆಯಲ್ಲಿ ಶೇ. 73, ಕ್ರಿಯೆಯಲ್ಲಿ ಶೇ. 67.

ಇದನ್ನ ಕೇಳಿ ಒಬ್ಬರು "ನೋಡಿ, ಮಾತ್ರೆಯಷ್ಟೇ ಪವರ್" ಅಂತಾರೆ. ಇನ್ನೊಬ್ಬರು, ನನ್ನಂಥವರು, ಓದದೇ "ಏನೂ ಇಲ್ಲ" ಅಂತಾರೆ. ಶೇಕಡಾ ಬಿಟ್ಟು ತಲೆ ಎಣಿಸಿ. 15ರಲ್ಲಿ 14, 15ರಲ್ಲಿ 11, 15ರಲ್ಲಿ 10. ಮಾತ್ರೆಗೂ ಕ್ರಿಯೆಗೂ ಇರೋ ವ್ಯತ್ಯಾಸ ಒಬ್ಬ ಮನುಷ್ಯ! ಇಷ್ಟು ಚಿಕ್ಕ ಗುಂಪಲ್ಲಿ ಎರಡೂ ಸಮ ಅಂತಲೂ ಗಟ್ಟಿಯಾಗಿ ಹೇಳೋಕಾಗಲ್ಲ, ಒಂದು ಕಡಿಮೆ ಅಂತಲೂ ಹೇಳೋಕಾಗಲ್ಲ. ಇನ್ನೊಂದು ಕೊರತೆ ಇದೆ. ಯಾವ ಚಿಕಿತ್ಸೆಯೂ ಇಲ್ಲದೆ ಬರೀ ವಿಶ್ರಾಂತಿ, ಆರೈಕೆ ಸಿಕ್ಕಿದ ನಾಲ್ಕನೇ ಗುಂಪು ಅಲ್ಲಿರಲಿಲ್ಲ. ಆಸ್ಪತ್ರೆಯ ಊಟ, ನಿದ್ದೆ, ದಿನಾ ಮಾತಾಡಿಸೋ ಡಾಕ್ಟರ್, ಇವುಗಳಿಂದಲೇ ಎಷ್ಟು ಜನ ಸುಧಾರಿಸ್ತಿದ್ದರು? ಆ ಲೆಕ್ಕ ಇದರಲ್ಲಿ ಸಿಗಲ್ಲ. ಆದರೂ ಅದು ಪ್ರಾಮಾಣಿಕ ಕೆಲಸ, ಇಸಿಟಿಯೇ ಮುಂದೆ ಅಂತ ಅವರೇ ಬರೆದಿದ್ದಾರೆ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಮಾತ್ರೆಯಿಂದ ಪೂರ್ತಿ ಗುಣ ಕಾಣದ 25 ಜನರಲ್ಲಿ ಪರೀಕ್ಷಿಸಿದರು. ಕ್ರಿಯೆ ಮಾಡಿದವರು ಸುಧಾರಿಸಿದರು, ಹೋಲಿಸಿದ್ದು ಸರದಿಗೆ ಕಾಯುತ್ತಿದ್ದವರ ಜೊತೆ. ಅಲ್ಲೂ ಗಮನಿಸಿ, ಮಾತ್ರೆ ಬಿಡಿಸಿ ಅಲ್ಲ, ಮಾತ್ರೆಯ ಜೊತೆಗೆ. ಈ ಮಾತು ಆಮೇಲೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಅಂದರೆ ಉಸಿರಾಟದ ಅಭ್ಯಾಸದಿಂದ ಖಿನ್ನತೆ ಇರುವ ಕೆಲವರಿಗೆ ಸಹಾಯ ಆಗಬಹುದು ಅನ್ನೋಕೆ ಸಣ್ಣದಾದರೂ ನಿಜವಾದ ಆಧಾರ ಇದೆ. ಅಲ್ಲಿಂದ ಮುಂದೆ ವಿಶ್ವಶಕ್ತಿ, ಲೋಕಶಾಂತಿ, ಎಲ್ಲ ರೋಗಕ್ಕೂ ಇದೇ ಮದ್ದು ಅಂತ ಹೋದರೆ ಆ 45 ಜನ ಅಷ್ಟು ಭಾರ ಹೊರಲ್ಲ.

ಆ ದೊಡ್ಡ ಮಾತುಗಳಿಗೆ ಒಂದು ವಂಶಾವಳಿ ಇದೆ. ರವಿಶಂಕರ್ ಅವರು ಯೌವನದಲ್ಲಿ ಮಹರ್ಷಿ ಮಹೇಶ್ ಯೋಗಿಯವರ ಶಿಷ್ಯರಾಗಿದ್ದರು. ಬೀಟಲ್ಸ್ ಹುಡುಗರು 1968ರಲ್ಲಿ ಋಷಿಕೇಶಕ್ಕೆ ಬಂದು ಕೂತಿದ್ದು ಅವರ ಬಳಿಯೇ. ಅವರ ಭಾವಾತೀತ ಧ್ಯಾನ ಚಳವಳಿಯಲ್ಲಿ ಒಂದು ವಾದ ಇತ್ತು: ಊರಿನ ಶೇ. 1 ಜನ ಧ್ಯಾನ ಮಾಡಿದರೆ ಇಡೀ ಊರಿನ ಅಪರಾಧ ಇಳಿಯುತ್ತೆ. 1993ರ ಬೇಸಿಗೆಯಲ್ಲಿ ವಾಷಿಂಗ್ಟನ್ ನಗರದಲ್ಲಿ ಸುಮಾರು 4,000 ಜನರನ್ನು ಕೂರಿಸಿ ಧ್ಯಾನ ಮಾಡಿಸಿದರು. ಆಮೇಲೆ ಹಿಂಸಾ ಅಪರಾಧ ಶೇ. 20ಕ್ಕೂ ಹೆಚ್ಚು ಇಳಿಯಿತು ಅಂದರು. ಯಾವುದಕ್ಕಿಂತ ಇಳಿಯಿತು? ಧ್ಯಾನ ಇಲ್ಲದಿದ್ದರೆ ಇಷ್ಟು ಆಗುತ್ತಿತ್ತು ಅಂತ ಅವರೇ ಕಟ್ಟಿದ ಅಂದಾಜಿಗಿಂತ! ಆ ನಗರದಲ್ಲಿ ಕೊಲೆಗಳು ಕಡಿಮೆಯಾಗಿರಲಿಲ್ಲ. ಇದನ್ನು ನಡೆಸಿದ ಭೌತವಿಜ್ಞಾನಿ ಜಾನ್ ಹೇಗಲಿನ್ ಅವರಿಗೆ 1994ರಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆಯ ಪ್ರಶಸ್ತಿ ಸಿಕ್ಕಿತು.

ನಗ್ತೀರಲ್ಲ, ನಗಿ. ಆದರೆ ನಮ್ಮಲ್ಲಿ ಏನಂತೀವಿ? "21 ದಿನ ಉಪವಾಸ ಪ್ರಾರ್ಥನೆ ಮಾಡಿದ್ವಿ, ಹೈವೇಯಲ್ಲಿ ಆಕ್ಸಿಡೆಂಟ್ ನಿಂತೇಹೋಯ್ತು" ಅಂತ ಸಾಕ್ಷಿ ಹೇಳಿದವರಿದ್ದಾರೆ. ಪೊಲೀಸ್ ಠಾಣೆಗೆ ಹೋಗಿ ಲೆಕ್ಕ ನೋಡಿದವರು ಯಾರಾದರೂ ಇದ್ದೀರಾ? ಪ್ರಾರ್ಥನೆ ಮಾಡಬೇಡಿ ಅಂತಿಲ್ಲ. ಎಣಿಸದ್ದನ್ನು ಎಣಿಸಿದೆ ಅನ್ನಬೇಡಿ ಅಂತಿದೀನಿ.

"ಧರ್ಮ ಅಲ್ಲ, ವಿಜ್ಞಾನ" ಅನ್ನೋ ಮಾತೂ ಕೋರ್ಟಿಗೆ ಹೋಗಿ ಬಂದಿದೆ. ಅಮೆರಿಕದ ನ್ಯೂಜೆರ್ಸಿಯ ಸರ್ಕಾರಿ ಶಾಲೆಗಳಲ್ಲಿ ಭಾವಾತೀತ ಧ್ಯಾನವನ್ನು ವಿಜ್ಞಾನದ ಕೋರ್ಸ್ ಅಂತ ಕಲಿಸ್ತಿದ್ದರು. ಮಕ್ಕಳಿಗೆ ಮಂತ್ರ ಕೊಡುವ ಮುಂಚೆ ಗುರುವಿನ ಚಿತ್ರದ ಮುಂದೆ ಸಂಸ್ಕೃತದಲ್ಲಿ ಪೂಜೆ ನಡೆಯುತ್ತಿತ್ತು. 1977ರಲ್ಲಿ ನ್ಯಾಯಾಲಯ ಇದು ಧಾರ್ಮಿಕ, ಸರ್ಕಾರಿ ಶಾಲೆಯಲ್ಲಿ ಕೂಡದು ಅಂದಿತು, 1979ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಪೂಜೆ ಮಾಡುವುದು ಅವರ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಪೂಜೆಯನ್ನು ವಿಜ್ಞಾನ ಅಂತ ಕರೆದು ಕೂರಿಸಿದ್ದು ಸರಿಯಾ ಅನ್ನೋದೇ ಅಲ್ಲಿನ ವಿವಾದ.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ, ಹೋದವರಿಗೆ ನಿಜವಾಗಿ ಅನುಭವ ಆಗುತ್ತಲ್ಲ, ಮೈ ಜುಮ್ ಅನ್ನುತ್ತೆ, ಅಳು ಬರುತ್ತೆ, ಹಗುರ ಆಗುತ್ತೆ, ಅದೇನು ಅಂತ. ಅನುಭವ ನಿಜ. ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತೆ. ಮೆದುಳಿನ ರಕ್ತನಾಳ ಸ್ವಲ್ಪ ಕಿರಿದಾಗುತ್ತೆ, ತಲೆ ಹಗುರ ಅನ್ನಿಸುತ್ತೆ, ಬೆರಳ ತುದಿ, ತುಟಿ ಜುಮುಗುಡುತ್ತೆ. ನಿಧಾನವಾಗಿ ಉದ್ದಕ್ಕೆ ಉಸಿರು ಬಿಟ್ಟರೆ ಎದೆಬಡಿತ ಇಳಿಯುತ್ತೆ, ಮನಸ್ಸು ಶಾಂತವಾಗುತ್ತೆ. ಇದು ಹಿಂದೂ ದೇಹಕ್ಕೂ ಹೀಗೇ, ಕ್ರೈಸ್ತ ದೇಹಕ್ಕೂ ಹೀಗೇ. ಕಾಯುವಿಕೆಯ ಕೂಟದಲ್ಲಿ ನಲವತ್ತು ನಿಮಿಷ ಒಂದೇ ಸಮನೆ ಜೋರಾಗಿ ಕೂಗಿ ಪ್ರಾರ್ಥಿಸಿದಾಗ ಬೆರಳು ಜುಮ್ ಅಂದದ್ದು ನನಗೂ ಆಗಿದೆ, ನಿಮಗೂ ಆಗಿದೆ. ಅದೆಲ್ಲವೂ ಪರಿಶುದ್ಧಾತ್ಮನ ಸ್ಪರ್ಶವೇ ಅಂತ ನಾನು ಇನ್ಮೇಲೆ ಹೇಳಲ್ಲ. ಆತ್ಮನ ಫಲವನ್ನು ಗಲಾತ್ಯ 5ರಲ್ಲಿ ಹೆಸರಿಸಿದ್ದಾನೆ ಪೌಲ, ಅದರಲ್ಲಿ ಬೆರಳು ಜುಮ್ ಅನ್ನೋದು ಇಲ್ಲ. ಕೆಲವು ಹಿರಿಯರಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ಕೂಟ ಆದ ಮೇಲೆ ಮಾತಾಡೋಣ.

ಇನ್ನು 'ಕಲ್ಟ್' ಅನ್ನೋ ಮಾತು. 2010ರಲ್ಲಿ ಆರ್ಟ್ ಆಫ್ ಲಿವಿಂಗ್‌ನ ಅಮೆರಿಕದ ಸಂಸ್ಥೆ, ಬಿಟ್ಟುಹೋದ ಮೇಲೆ ಹೆಸರು ಮರೆಸಿಕೊಂಡು ಟೀಕೆ ಬರೆದವರ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕೇಸ್ ಹಾಕಿತು. ಮಾನನಷ್ಟ ಅಂತ ಒಂದು, ಗುಟ್ಟಿನ ಪಾಠಗಳನ್ನು ಬಯಲು ಮಾಡಿದರು ಅಂತ ಇನ್ನೊಂದು. 2011ರಲ್ಲಿ ನ್ಯಾಯಾಧೀಶೆ ಮಾನನಷ್ಟದ ಭಾಗವನ್ನು ತಳ್ಳಿಹಾಕಿದರು. ಅಂಥ ಮಾತುಗಳು ಅಭಿಪ್ರಾಯ, ಅಭಿಪ್ರಾಯಕ್ಕೆ ಕಾನೂನಿನ ರಕ್ಷಣೆ ಇದೆ ಅಂದರು. 2012ರಲ್ಲಿ ಕೇಸು ರಾಜಿಯಲ್ಲಿ ಮುಗಿಯಿತು. ನಮ್ಮ ಜನ ಇದನ್ನೇ ಹಿಡ್ಕೊಂಡು "ಕಲ್ಟ್ ಅಂತ ಕೋರ್ಟೇ ಹೇಳಿದೆ" ಅಂತ ಫಾರ್ವರ್ಡ್ ಮಾಡ್ತಾರೆ. ಕೋರ್ಟ್ ಹಾಗೆ ಹೇಳಲೇ ಇಲ್ಲ! ಹಾಗೆ ಅನ್ನಲು ಜನರಿಗೆ ಸ್ವಾತಂತ್ರ್ಯ ಇದೆ ಅಂದಿತು, ಅಷ್ಟೇ. ಅದು ಸಾಬೀತಾಗಿಲ್ಲ. ಸಾಬೀತಾಗದ್ದನ್ನು ಹಂಚಬೇಡಿ. ನಮ್ಮನ್ನು ಏನೇನು ಅಂದಿದ್ದಾರೆ? ನನ್ನ ತಾಯಿ ದೀಕ್ಷಾಸ್ನಾನ ತೆಗೆದುಕೊಂಡಾಗ ನೆಂಟರು "ಹಲ್ಲೆಲೂಯಾದವರು ತಲೆ ಕೆಡಿಸಿಬಿಟ್ಟರು, ಔಷಧಿ ಹಾಕಿದ್ದಾರೆ" ಅಂದರು. ಎರಡು ವರ್ಷ ಮದುವೆಮನೆಗಳಿಗೆ ನಮ್ಮನ್ನು ಕರೆಯಲಿಲ್ಲ. ಆ ನೋವು ಉಂಡವರು ನಾವು.

ಹೆಸರು ಬಿಡಿ, ನಡೆ ನೋಡಿ. ಪ್ರಶ್ನೆ ಕೇಳಿದವನಿಗೆ ಏನಾಗುತ್ತೆ? ಬಿಟ್ಟುಹೋದವನ ಜೊತೆ ಮಾತಾಡ್ತಾರಾ? ದುಡ್ಡಿನ ಲೆಕ್ಕ ಕೇಳಬಹುದಾ? ಗುರು ತಪ್ಪು ಒಪ್ಪಿಕೊಂಡದ್ದು ಯಾವಾಗಲಾದರೂ ಇದೆಯಾ? ಡಾಕ್ಟರ ಮಾತ್ರೆ ಬಿಡಿ ಅಂತಾರಾ? ಈ ಪ್ರಶ್ನೆಗಳನ್ನು ಕನಕಪುರ ರಸ್ತೆಯ ಆಶ್ರಮಕ್ಕೂ ಕೇಳಿ, ಈ ಸಭೆಗೂ ಕೇಳಿ. 1978ರಲ್ಲಿ ಗಯಾನಾದ ಜೋನ್ಸ್‌ಟೌನ್‌ನಲ್ಲಿ 900ಕ್ಕೂ ಹೆಚ್ಚು ಜನ ಸತ್ತರಲ್ಲ, ಅವರ ನಾಯಕ ಜಿಮ್ ಜೋನ್ಸ್ ಹೆಸರು ಮಾಡಿದ್ದು ರೋಗಸೌಖ್ಯದ ಕೂಟಗಳಿಂದಲೇ. ನಮ್ಮಂಥ ಕೂಟಗಳೇ, ಕೈಯೆತ್ತಿ ಹಾಡುವ ಕೂಟಗಳು.

ನಮ್ಮ ನಾಡಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಪುಟ್ಟಪರ್ತಿ ಸಾಯಿಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ನಮ್ಮವರು ಈ ಕಥೆ ಖುಷಿಯಿಂದ ಹೇಳ್ತಾರೆ. ಅವರು ನಮ್ಮ ಕನ್ವೆನ್ಷನ್‌ಗೆ ಪತ್ರ ಬರೆದಿದ್ದರೆ ನಾವು ಉತ್ತರ ಕೊಡ್ತಿದ್ವಾ?

ಮಾತ್ರೆ ವಿಷಯ ನೆನಪಿಟ್ಟುಕೊಳ್ಳಿ ಅಂದಿದ್ದೆ. ಹೇಳೋದು ಕಷ್ಟ, ಆದರೂ ಹೇಳ್ತೀನಿ, ಅವರ ಮನೆಯವರ ಒಪ್ಪಿಗೆ ಕೇಳಿದ್ದೀನಿ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಸಹೋದರಿಗೆ ಫಿಟ್ಸ್ ಇತ್ತು. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರ ಕೂಟದಲ್ಲಿ ಪ್ರಾರ್ಥಿಸಿದರು. ಮುಂದಿನ ಭಾನುವಾರ ಅವಳು ಇಲ್ಲೇ ನಿಂತು, "ಗುಣವಾಯ್ತು, ಮಾತ್ರೆ ಬಿಟ್ಟುಬಿಟ್ಟೆ" ಅಂತ ಸಾಕ್ಷಿ ಹೇಳಿದಳು. ಮೊದಲು ಚಪ್ಪಾಳೆ ತಟ್ಟಿದವನು ನಾನು. ಹನ್ನೊಂದನೇ ದಿನ ಒಲೆಯ ಮುಂದೆ ಫಿಟ್ಸ್ ಬಂದು ಬಿದ್ದಳು, ಕೈ ಸುಟ್ಟಿತು. ಬದುಕಿದ್ದಾಳೆ, ಸ್ತೋತ್ರ. ಡಾಕ್ಟರನ್ನು ಕೇಳಿದೆಯಾ ಅಂತ ಅವತ್ತು ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಂದಿನಿಂದ ಇಲ್ಲಿ ಸೌಖ್ಯದ ಸಾಕ್ಷಿ ಹೇಳುವವರು ಮೊದಲು ಡಾಕ್ಟರ ಚೀಟಿ ತರಬೇಕು ಅಂತ ಮಾಡಿದ್ದೀವಿ. ಯೇಸುಸ್ವಾಮಿಯೂ ಗುಣವಾದ ಕುಷ್ಠರೋಗಿಯನ್ನು ಯಾಜಕನಿಗೆ ತೋರಿಸಿಕೋ ಅಂತ ಕಳಿಸಿದ, ಮಾರ್ಕ 1ರಲ್ಲಿದೆ. ಸಾಕ್ಷಿಗಳು ಕಡಿಮೆಯಾಗಿವೆ, ಹೌದು. ಉಳಿದವು ಗಟ್ಟಿ ಇವೆ.

ಬೆಂಗಳೂರಿನ ಆ ಸಹೋದರಿಗೆ ಹೇಳಿದ್ದನ್ನೂ ಹೇಳಿಬಿಡ್ತೀನಿ. "ಉಸಿರು ದೇವರು ಕೊಟ್ಟದ್ದು ಮಗಳೇ, ನಿಧಾನವಾಗಿ ಉಸಿರಾಡೋದು ಪಾಪ ಅಲ್ಲ. ಆದರೆ ಹೋಗುವ ಮುಂಚೆ ಎಚ್‌ಆರ್ ಹತ್ತಿರ ಕೇಳು. ಪೂಜೆ, ಮಂತ್ರ ಇದೆಯಾ? ಬರದಿದ್ದರೆ ನಡೆಯುತ್ತಾ? ಅಲ್ಲಿ ಕಲಿತದ್ದನ್ನು ಹೊರಗೆ ಹೇಳಬಹುದಾ? ನಿನ್ನ ಮನಸ್ಸಾಕ್ಷಿ ಬೇಡ ಅಂದರೆ ಬೇಡ ಅನ್ನು, ಮರ್ಯಾದೆಯಿಂದ. ಅಣ್ಣನಿಗೆ ಆ ವಿಡಿಯೋ ಡಿಲೀಟ್ ಮಾಡೋಕೆ ಹೇಳು." ಅವಳು ಕೇಳಿದಳು, ಕಡ್ಡಾಯ ಅಲ್ಲ ಅಂದರಂತೆ. ಅವಳು ಹೋಗಲಿಲ್ಲ, ಹೋಗಿ ಬಂದ ಗೆಳತಿಯ ಜೊತೆ ಜಗಳವನ್ನೂ ಆಡಲಿಲ್ಲ. ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರ್ತಾರಂತೆ.

ನರ್ಸಿಂಗ್ ತಮ್ಮ ಇವತ್ತೂ ಹಿಂದಿನ ಸಾಲಲ್ಲೇ ಕೂತಿದ್ದಾನೆ. ಈಗ ಕೋರ್ಸ್ ಮುಗಿಸಿ ಡ್ಯೂಟಿಗೆ ಹೋಗ್ತಾನೆ. ನಾನು ಹೇಳಿದ ಅಂಕಿಗಳನ್ನೆಲ್ಲ ಬರ್ಕೊಂಡಿದ್ದು ನೋಡಿದೆ. ಕೂಟ ಆದ ಮೇಲೆ ಮುಂದೆ ಬಾ ತಮ್ಮಾ, ತಪ್ಪಿದ್ದರೆ ಹೇಳು. ಈ ಸಲ ಚಪ್ಪಲಿ ಹತ್ತಿರ ಅಲ್ಲ, ಮೈಕಲ್ಲೇ ಹೇಳು. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.