ಚಳಿಗಾಲದ ಮುಂಜಾನೆ ಟ್ರ್ಯಾಕ್ಟರ್ ಚಾಲೂ ಆಗದಿದ್ದರೆ

ಜನವರಿಯ ಸುಮಾರಿಗೆ ಭದ್ರಾ ನಾಲೆಗೆ ನೀರು ಬಿಟ್ಟೊಡನೆ ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತಕ್ಕೆ ಗದ್ದೆ ಕೆಸರು ಮಾಡುವ ಕೆಲಸ ಭರದಿಂದ ಸಾಗುತ್ತದೆ. ಅಲ್ಪಾವಧಿ ತಳಿಗಳ ಸಸಿಯನ್ನು 21 ರಿಂದ 25 ದಿನಗಳೊಳಗೆ ನಾಟಿ ಮಾಡಬೇಕು. ನಾಲೆಯ ನೀರಾಗಲಿ, ನಾಟಿಯ ಆಳುಗಳಾಗಲಿ ಒಬ್ಬರಿಗಾಗಿ ಕಾಯುವುದಿಲ್ಲ. ಇಂಥ ಸಮಯದಲ್ಲಿ ಮುಂಜಾನೆ ಟ್ರ್ಯಾಕ್ಟರ್ ‘ಕಟ್ ಕಟ್’ ಎಂದು ಸದ್ದು ಮಾಡಿ ಸುಮ್ಮನಾದರೆ ಒಂದು ದಿನದ ಕೆಲಸವೇ ಕೆಡುತ್ತದೆ. ಅನೇಕ ರೈತರು ಗಾಬರಿಯಿಂದ ಹೊಸ ಬ್ಯಾಟರಿ ತರಲು ಪೇಟೆಗೆ ಓಡುತ್ತಾರೆ. ದೋಷ ಬೇರೆಡೆ ಇದ್ದಲ್ಲಿ ಹಣವೂ ಹೋಗುತ್ತದೆ, ಎಂಜಿನ್ನೂ ಚಾಲೂ ಆಗುವುದಿಲ್ಲ. ಕ್ರಮವಾಗಿ ಪರೀಕ್ಷಿಸಿದರೆ ದೋಷವನ್ನು ಮನೆಯಂಗಳದಲ್ಲೇ ಪತ್ತೆ ಮಾಡಬಹುದು.

ಚಳಿಯಿಂದ ಆಗುವುದೇನು?

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಕಾಯಿಸುತ್ತದೆ. ಆ ಕಾವಿಗೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸಿಲಿಂಡರ್ ತಣ್ಣಗಿದ್ದರೆ ಈ ಕಾವಿನ ಬಹುಭಾಗವನ್ನು ಅದರ ಗೋಡೆಯೇ ಹೀರಿಕೊಳ್ಳುತ್ತದೆ. ಎಂಜಿನ್ ಆಯಿಲ್ ಮಂದವಾಗುವುದರಿಂದ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕು. ಅದೇ ವೇಳೆಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಶಕ್ತಿ ಕುಗ್ಗುತ್ತದೆ.

ಆದರೆ ನಮ್ಮ ಜಿಲ್ಲೆಯ ಚಳಿಗೆ ಸುಸ್ಥಿತಿಯಲ್ಲಿರುವ ಎಂಜಿನ್ ನಿಲ್ಲಬಾರದು. ಲಡಾಖಿನಂಥ ಪ್ರದೇಶದಲ್ಲಿ ಡೀಸೆಲ್ಲೇ ಗಟ್ಟಿಯಾಗುವುದರಿಂದ ಅಲ್ಲಿಗೆಂದು 2019 ರಲ್ಲಿ ವಿಶೇಷ ಚಳಿಗಾಲದ ಡೀಸೆಲ್ ಬಂದಿತು. ನಮ್ಮಲ್ಲಿ ಆ ತೊಂದರೆಯಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಸವೆದ ಬ್ಯಾಟರಿ, ಸಡಿಲವಾದ ತಂತಿ, ಕಟ್ಟಿದ ಫಿಲ್ಟರ್ ಇವುಗಳ ಹುಳುಕನ್ನು ಚಳಿ ಹೊರಗೆಡಹುತ್ತದೆ, ಅಷ್ಟೆ.

ದೋಷ ಪತ್ತೆ ಮಾಡುವ ಕ್ರಮ

ಮೊದಲು ಗೇರು ನ್ಯೂಟ್ರಲ್‌ನಲ್ಲಿದೆಯೇ, ಎಂಜಿನ್ ನಿಲ್ಲಿಸುವ ಗುಂಡಿ ಒಳಕ್ಕೆ ಹೋಗಿದೆಯೇ, ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಅದರ ಕೊಳಾಯಿ ತೆರೆದಿದೆಯೇ ನೋಡಬೇಕು. ಅನಂತರ ಮುಂದಿನ ದೀಪ ಹೊತ್ತಿಸಿ ಕೀಲಿ ತಿರುಗಿಸಬೇಕು.

1. ದೀಪ ಪೂರಾ ಮಂಕಾಗಿ, ಎಂಜಿನ್ ತಿರುಗದಿದ್ದರೆ ಅಥವಾ ನಿಧಾನವಾಗಿ ತಿರುಗಿದರೆ ದೋಷ ಬ್ಯಾಟರಿಯಲ್ಲಿ ಅಥವಾ ಅದರ ತಂತಿಗಳಲ್ಲಿದೆ.

2. ದೀಪ ಪ್ರಖರವಾಗಿಯೇ ಇದ್ದು ಎಂಜಿನ್ ತಿರುಗದಿದ್ದರೆ ಕ್ಲಚ್ ಅಥವಾ ಗೇರಿನ ಸುರಕ್ಷತಾ ಸ್ವಿಚ್, ಸೊಲೆನಾಯ್ಡ್, ಸ್ಟಾರ್ಟರ್ ಮೋಟಾರುಗಳನ್ನು ಪರೀಕ್ಷಿಸಬೇಕು.

3. ಎಂಜಿನ್ ಚೆನ್ನಾಗಿ ತಿರುಗಿದರೂ ಚಾಲೂ ಆಗದಿದ್ದರೆ ಹೊಗೆಕೊಳವೆಯನ್ನು ಗಮನಿಸಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ತಲಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲಪುತ್ತಿದೆ, ಆದರೆ ಉರಿಯುತ್ತಿಲ್ಲ.

ಬ್ಯಾಟರಿಯ ಆರೈಕೆ

ಹೊಸ ಬ್ಯಾಟರಿ ಕೊಳ್ಳುವ ಮೊದಲು ಅದರ ತುದಿಗಳನ್ನು ನೋಡಬೇಕು. ಬಿಳಿ ಅಥವಾ ಹಸಿರು ಕಿಟ್ಟ ಕಟ್ಟಿದ್ದರೆ ಮೊದಲು ಋಣ ತುದಿಯ, ಅನಂತರ ಧನ ತುದಿಯ ತಂತಿ ಬಿಚ್ಚಿ, ಅಡಿಗೆ ಸೋಡಾ ಕದಡಿದ ನೀರಿನಿಂದ ತಿಕ್ಕಿ ತೊಳೆಯಬೇಕು. ಈ ನೀರು ಬ್ಯಾಟರಿಯೊಳಕ್ಕೆ ಹೋಗಬಾರದು. ಒಣಗಿಸಿ, ಬಿಗಿಯಾಗಿ ಜೋಡಿಸಿ, ಮೇಲೆ ವ್ಯಾಸಲಿನ್ ಸವರಬೇಕು. ಜೋಡಿಸುವಾಗ ಋಣ ತಂತಿ ಕೊನೆಗೆ. ಎಂಜಿನ್ ಅಥವಾ ಚಾಸಿಗೆ ಸೇರುವ ತಂತಿಯ ಇನ್ನೊಂದು ತುದಿಯನ್ನೂ ಮರೆಯಬಾರದು.

ರಾತ್ರಿಯಿಡೀ ವಿಶ್ರಾಂತಿ ಪಡೆದ 12 ವೋಲ್ಟಿನ ಬ್ಯಾಟರಿ ಪೂರ್ಣ ಚಾರ್ಜಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2 ಇದ್ದರೆ ಸುಮಾರು ಅರ್ಧ ಚಾರ್ಜು ಮಾತ್ರ ಉಳಿದಿದೆ. ಪೂರ್ಣ ಚಾರ್ಜ್ ಮಾಡಿದ ಮೇಲೂ ಎಂಜಿನ್ ತಿರುಗಿಸುವಾಗ 9.5 ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಬದಲಿಸುವುದು ಲೇಸು. ದ್ರವ ಕಡಿಮೆಯಾಗಿದ್ದರೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು; ಬಾವಿ ನೀರು, ಆಸಿಡ್ ಹಾಕಬಾರದು. ಹತ್ತಿರ ಬೀಡಿ, ಬೆಂಕಿ ಕಡ್ಡಿ ಕೂಡದು. ಬ್ಯಾಟರಿಯಿಂದ ಹೊರಡುವ ಜಲಜನಕ ಸಿಡಿಯಬಲ್ಲದು.

ಡೀಸೆಲ್ ದಾರಿ ಮತ್ತು ಗಾಳಿ

ಹೊಗೆಯೇ ಬರದಿದ್ದರೆ ಡೀಸೆಲ್ ಫಿಲ್ಟರಿನ ತಳದ ನೀರನ್ನು ಇಳಿಸಬೇಕು. ಹಳೆಯ ಮಾದರಿಯ ಪಂಪಿರುವ ಎಂಜಿನ್‌ನಲ್ಲಿ ಫಿಲ್ಟರಿನ ಗಾಳಿ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೂ ಕೈಪಂಪು ಒತ್ತಿ, ತಿರುಪು ಬಿಗಿಯಬೇಕು. ಅನಂತರ ಇಂಜೆಕ್ಷನ್ ಪಂಪಿನ ತಿರುಪಿನಲ್ಲೂ ಹೀಗೆಯೇ ಮಾಡಬೇಕು. ಕಾಮನ್ ರೈಲ್ ಎಂಜಿನ್ ಇರುವ ಹೊಸ ಕಾರು, ಪಿಕಪ್, ಟ್ರ್ಯಾಕ್ಟರುಗಳ ಇಂಜೆಕ್ಟರ್ ಕೊಳವೆಯನ್ನು ಎಂದಿಗೂ ಸಡಿಲಿಸಬಾರದು. ಅದರ ಒತ್ತಡಕ್ಕೆ ಡೀಸೆಲ್ ಚರ್ಮವನ್ನೇ ತೂರಬಲ್ಲದು.

ಬಿಳಿ ಹೊಗೆ ಬಂದರೆ ಹೀಟರ್ ಇರುವ ಗಾಡಿಯಲ್ಲಿ ಅದು ಕಾಯುತ್ತಿದೆಯೇ ನೋಡಬೇಕು. ಕೀಲಿಯನ್ನು ಹೀಟರ್ ಸ್ಥಾನದಲ್ಲಿ ಕೈಪಿಡಿ ಹೇಳಿದಷ್ಟು ಹೊತ್ತು ಹಿಡಿದು ಅನಂತರ ತಿರುಗಿಸಬೇಕು. ಹೀಟರ್ ಸರಿಯಿದ್ದೂ ದಿನವೂ ಇದೇ ತೊಂದರೆಯಾದರೆ ಇಂಜೆಕ್ಟರ್, ರಿಂಗ್, ವಾಲ್ವುಗಳನ್ನು ನುರಿತ ಮೆಕ್ಯಾನಿಕ್ಕರಿಗೆ ತೋರಿಸತಕ್ಕದ್ದು.

ಮಾಡಬಾರದ ಕೆಲಸಗಳು

ಸ್ಟಾರ್ಟರನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು. ಪ್ರತಿ ಸಲ ಒಂದು ನಿಮಿಷ ಬಿಡುವು ಕೊಡಬೇಕು. ಎಂಜಿನ್ ಕೆಳಗೆ ಬೆಂಕಿ ಹಾಕಬಾರದು. ಹೀಟರ್ ಇರುವ ಎಂಜಿನ್‌ಗೆ ಈಥರ್ ಸಿಂಪಡಿಸಿದರೆ ಸಿಡಿಯುವ ಅಪಾಯವಿದೆ. ನೆಲದ ಮೇಲೆ ನಿಂತು ಸ್ಟಾರ್ಟರಿನ ತುದಿಗಳಿಗೆ ಪಾನಾ ತಾಗಿಸಿ ಚಾಲೂ ಮಾಡುವ ಅಭ್ಯಾಸ ಬಲು ಅಪಾಯಕರ. ಗೇರಿನಲ್ಲಿರುವ ಟ್ರ್ಯಾಕ್ಟರ್ ಎದುರಿಗಿದ್ದವರ ಮೇಲೆಯೇ ಹರಿಯುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬಾರದು. ಅದರ ಹೊಗೆ ಪ್ರಾಣಕ್ಕೆ ಎರವಾದೀತು.

ಮುನ್ನೆಚ್ಚರಿಕೆ

ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿದರೆ ರಾತ್ರಿ ಅದರೊಳಗೆ ಇಬ್ಬನಿ ಕಟ್ಟುವುದು ಕಡಿಮೆಯಾಗುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಬಳಸಬೇಕು. ಸುಗ್ಗಿಯ ನಂತರ ನಿಂತ ಟ್ರ್ಯಾಕ್ಟರನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಬೇಕು. ನಾಲೆಗೆ ನೀರು ಬರುವ ಹದಿನೈದು ದಿನ ಮೊದಲೇ ಬ್ಯಾಟರಿ, ಫಿಲ್ಟರ್, ಬೆಲ್ಟುಗಳನ್ನು ಪರೀಕ್ಷಿಸಿಟ್ಟುಕೊಂಡರೆ ರಿಪೇರಿ ಬೇಕಾದರೂ ಶಿವಮೊಗ್ಗಕ್ಕೋ ಭದ್ರಾವತಿಗೋ ಹೋಗಿಬರಲು ಸಮಯವಿರುತ್ತದೆ. ಬಿತ್ತನೆ ಬೀಜವನ್ನು ಮೊಳಕೆ ಪರೀಕ್ಷೆ ಮಾಡಿ ಸಿದ್ಧವಾಗಿಟ್ಟುಕೊಳ್ಳುವ ರೈತರು ಟ್ರ್ಯಾಕ್ಟರಿಗೂ ಅದೇ ಪದ್ಧತಿಯನ್ನು ಅನುಸರಿಸಿದರೆ ನಾಟಿ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ.