ಎರೆಮಣ್ಣಿನ ಖನಿಜ ಪರೀಕ್ಷೆ: ಗೋದಾಮು ಕಟ್ಟುವವರಿಗೂ ಇಟ್ಟಿಗೆ ಸುಡುವವರಿಗೂ

ಉತ್ಸವ ರಾಕ್ ಗಾರ್ಡನ್ ಹಾಗೂ ಜಾನಪದ ವಿಶ್ವವಿದ್ಯಾಲಯಗಳಿಂದ ನಾಡಿಗೆ ಪರಿಚಿತವಾದ ಗೊಟಗೋಡಿಯ ಸುತ್ತಲಿನ ಶಿಗ್ಗಾಂವ-ಸವಣೂರ ಸೀಮೆಯಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು. ನಿವೇಶನ ಕೊಳ್ಳುವಾಗ ಪಹಣಿ, ಋಣಭಾರ ಪತ್ರಗಳನ್ನು ಪರಿಶೀಲಿಸುವ ಸದಸ್ಯ ಬಾಂಧವರು ಮಣ್ಣಿನ ವರದಿಯನ್ನು ಕೇಳುವುದು ವಿರಳ. ಕೇಳಿದರೂ ರೈತರ ಮಣ್ಣು ಆರೋಗ್ಯ ಚೀಟಿ ಮುಂದೆ ಬರುತ್ತದೆ. 2015ರಲ್ಲಿ ಜಾರಿಗೆ ಬಂದ ಆ ಚೀಟಿ ಸಾರಜನಕ, ರಂಜಕ, ರಸಸಾರ ಮುಂತಾದವನ್ನು ತಿಳಿಸುತ್ತದೆಯೇ ಹೊರತು ಜೇಡಿಯಲ್ಲಿರುವ ಖನಿಜ ಯಾವುದೆಂದು ಹೇಳುವುದಿಲ್ಲ.

ಕಟ್ಟಡಕ್ಕೆ ಬೇಕಾದದ್ದು ಆ ಮಾಹಿತಿಯೇ. ಎರೆಯ ಜೇಡಿಯಲ್ಲಿ ಪ್ರಧಾನವಾದದ್ದು ಸ್ಮೆಕ್ಟೈಟ್ ಗುಂಪಿನ ಖನಿಜ. ಅದರ ಪದರಗಳ ನಡುವೆ ನೀರು ಹೊಕ್ಕು ಮಳೆಗಾಲದಲ್ಲಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಜೊತೆಗೆ ಗೋದಾಮಿನ ನೆಲ, ಗೋಡೆಗಳೂ ಬಿರಿಯುತ್ತವೆ. ಮಸಾರಿಯಲ್ಲಿ ಸಾಮಾನ್ಯವಾದ ಕೆಯೊಲಿನೈಟ್ ಹೀಗೆ ಉಬ್ಬುವುದಿಲ್ಲ.

ಪ್ರಯೋಗಾಲಯದಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ, 2 ಮೈಕ್ರಾನ್‌ಗಿಂತ ಸೂಕ್ಷ್ಮವಾದ ಕಣಗಳನ್ನು ಬೇರ್ಪಡಿಸಿ ಗಾಜಿನ ಪಟ್ಟಿಯ ಮೇಲೆ ಒಣಗಿಸುತ್ತಾರೆ. ಅದರ ಮೇಲೆ ಎಕ್ಸ್-ಕಿರಣ ಹಾಯಿಸಿ, ಕಿರಣ ಹೊರಳುವ ಕೋನದಿಂದ ಪದರಗಳ ಅಂತರವನ್ನು ಲೆಕ್ಕಹಾಕುತ್ತಾರೆ. ಕೆಯೊಲಿನೈಟ್ ಸುಮಾರು 7 ಆಂಗ್‌ಸ್ಟ್ರಾಮ್, ಇಲೈಟ್ 10, ಸ್ಮೆಕ್ಟೈಟ್ 14-15ರ ಆಸುಪಾಸು. ಆದರೆ ಕ್ಲೋರೈಟ್ ಎಂಬ ಇನ್ನೊಂದು ಖನಿಜವೂ 14ರಲ್ಲೇ ಕಾಣುವುದರಿಂದ ಒಂದೇ ಓದು ಸಾಲದು. ಅದೇ ಪಟ್ಟಿಗೆ ಎಥಿಲೀನ್ ಗ್ಲೈಕಾಲ್ ಆವಿ ತಾಗಿಸಿದರೆ ಸ್ಮೆಕ್ಟೈಟ್ 17ಕ್ಕೆ ಹಿಗ್ಗುತ್ತದೆ, ಕ್ಲೋರೈಟ್ ಕದಲದು. 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸ್ಮೆಕ್ಟೈಟ್ 10ಕ್ಕೆ ಕುಸಿಯುತ್ತದೆ, ಕೆಯೊಲಿನೈಟ್‌ನ ಗುರುತು ಅಳಿಸಿಹೋಗುತ್ತದೆ. ಈ ಮೂರೂ ಓದುಗಳಿಲ್ಲದ ವರದಿ ವೋಚರ್ ಇಲ್ಲದ ಲೆಡ್ಜರಿನಂತೆ, ನಾನಾದರೆ ಒಪ್ಪಲಾರೆ. ಅದರಲ್ಲಿನ ಶೇಕಡಾವಾರು ಅಂಕಿಗಳೂ ಅಂದಾಜುಗಳೇ, ದಶಾಂಶದವರೆಗೆ ನಂಬಬೇಕಿಲ್ಲ.

ಇಷ್ಟು ವೆಚ್ಚಕ್ಕೆ ಮೊದಲು ಅಗ್ಗದ ಪರೀಕ್ಷೆಯೊಂದಿದೆ. ಐಎಸ್ 2720ರ 40ನೆಯ ಭಾಗದಂತೆ, 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕನಿಷ್ಠ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದು. ಅಲ್ಲಿ 12 ಮಿಲಿಲೀಟರ್, ನೀರಿನಲ್ಲಿ 21 ನಿಂತರೆ ವ್ಯತ್ಯಾಸ 9, ಉಬ್ಬರ ಶೇ. 75. ಶೇ. 50 ದಾಟಿದರೆ ತಳಪಾಯದ ವಿನ್ಯಾಸಕ್ಕೆ ಮೊದಲೇ ಎಂಜಿನಿಯರರನ್ನು ಕಾಣುವುದು ಲೇಸು.

ಇಟ್ಟಿಗೆಯವರ ಚಿಂತೆ ಬೇರೆ. ಎರೆಯಲ್ಲಿನ ಸುಣ್ಣದ ಹರಳುಗಳು ಭಟ್ಟಿಯಲ್ಲಿ ಸುಟ್ಟಸುಣ್ಣವಾಗಿ, ಆಮೇಲೆ ತೇವ ಹೀರಿ ಹಿಗ್ಗಿ, ಮಾರಿದ ಇಟ್ಟಿಗೆಯನ್ನೇ ಸಿಡಿಸುತ್ತವೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ಮಣ್ಣು ನೊರೆಗರೆದರೆ ಸುಣ್ಣವಿದೆಯೆಂದು ಅರ್ಥ. ಮಿತಿಮೀರಿ ಹಾಳಾದ ಮಾಲಿನ ವೆಚ್ಚವನ್ನು ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ; ಆ ವರ್ಷದ ಲಾಭದಿಂದಲೇ ಕಳೆಯಬೇಕು.

ಮಾದರಿಯನ್ನು ಮೇಲ್ಮಣ್ಣಿನಿಂದಲ್ಲ, ತಳಪಾಯದ ಆಳದಿಂದ, ಎರಡು ಮೂರು ಕಡೆ ತೆಗೆಯಿರಿ. ಅರ್ಧ ಭಾಗಕ್ಕೆ ಮೊಹರು ಹಾಕಿ, ಮಾರುವವರ ಸಹಿ ಪಡೆದು, ಖರೀದಿ ಕರಾರಿನ ಜೊತೆಯಲ್ಲೇ ಇಟ್ಟುಕೊಳ್ಳಿ.