ಕಂಪ್ಯೂಟರಿಗೆ ಒಂದು ರ್ಯಾಮೋ, ಎರಡೋ?

ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವುದು ಪ್ರೊಸೆಸರ್. ಆ ಹೊತ್ತಿಗೆ ಬೇಕಾದ ಮಾಹಿತಿಯನ್ನು ಅದರ ಕೈಗೆ ಸಿಗುವಂತೆ ಇಟ್ಟುಕೊಂಡಿರುವುದು ರ್ಯಾಮ್. ಇವೆರಡರ ನಡುವಿನ ದಾರಿಗೆ ಚಾನೆಲ್ ಎನ್ನುತ್ತಾರೆ. ಒಂದು ಚಾನೆಲಿನಲ್ಲಿ ಒಂದು ಸಲಕ್ಕೆ 64 ಬಿಟ್, ಅಂದರೆ 8 ಬೈಟ್ ಹೋಗುತ್ತದೆ. ಡಿ.ಡಿ.ಆರ್.4-3200 ಎಂಬ ರ್ಯಾಮ್ ಸೆಕೆಂಡಿಗೆ 320 ಕೋಟಿ ಸಲ ಹೀಗೆ ಕಳಿಸಬಲ್ಲದು. ಗುಣಿಸಿ ನೋಡಿ, 25.6 ಜಿ.ಬಿ. ಆಗುತ್ತದೆ. ಎರಡು ಚಾನೆಲ್ ಆದರೆ 51.2 ಜಿ.ಬಿ.

ನಮ್ಮೂರ ತೊಂಬೆಯನ್ನೇ ನೆನೆಸಿಕೊಳ್ಳಿ. ಒಳಗಿನ ನೀರು ಅಷ್ಟೇ. ಒಂದು ನಲ್ಲಿ ಇದ್ರೆ ಬಿಂದಿಗೆ ಒಂದೊಂದೇ ತುಂಬಬೇಕು, ಎರಡಿದ್ರೆ ಒಟ್ಟಿಗೆ ಎರಡು ತುಂಬುತ್ತೆ. ಆದರೆ ನೀರಿಗೆ ಬಂದವರು ಒಬ್ಬರೇ ಆದರೆ ಎರಡನೇ ನಲ್ಲಿಯಿಂದ ಏನು ಲಾಭ? ಅದಕ್ಕೇ ಲೆಕ್ಕದಲ್ಲಿ ಎರಡರಷ್ಟಾದರೂ ಆಟದ ವೇಗ ಎರಡರಷ್ಟು ಆಗೋದಿಲ್ಲ.

ಆಟದ ಚಿತ್ರ ಬಿಡಿಸೋದು ಗ್ರಾಫಿಕ್ಸ್ ಭಾಗ. ಅದಕ್ಕೆ ಬೇರೆ ಕಾರ್ಡ್ ಹಾಕಿದರೆ ಆ ಕಾರ್ಡಿನಲ್ಲೇ ಮೆಮೊರಿ ಇರುತ್ತೆ. ಆಗ ರ್ಯಾಮ್ ಒಂದಿದ್ದರೂ ಎರಡಿದ್ದರೂ ವ್ಯತ್ಯಾಸ ಕಡಿಮೆ. ಕಾರ್ಡಿಗೆ ದುಡ್ಡಿಲ್ಲದವರ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಪ್ರೊಸೆಸರಿನ ಒಳಗೇ ಇರುತ್ತೆ. ಅದೂ ಇದೇ ರ್ಯಾಮಿನ ಮುಂದೆ ಬಿಂದಿಗೆ ಹಿಡಿದು ನಿಲ್ಲಬೇಕು. ಅಲ್ಲಿ ಎರಡು ಚಾನೆಲ್ ಇದ್ದರೆ ಆಟ ಕಣ್ಣಿಗೆ ಕಾಣುವಷ್ಟು ಸರಾಗ ಆಗುತ್ತೆ. ಬಡವರ ಕಂಪ್ಯೂಟರಿಗೇ ಇದು ಹೆಚ್ಚು ಬೇಕು ನೋಡಿ!

ಮೈಸೂರಿನಲ್ಲಿ ಡಿಪ್ಲೊಮಾ ಓದುತ್ತಿರುವ ನಮ್ಮ ದೊಡ್ಡಪ್ಪನ ಮಗ ಇಂಥದೇ ಒಂದನ್ನು ಜೋಡಿಸಬೇಕು ಅಂತಿದ್ದಾನೆ, ಓದಿಗೂ ಆಗಬೇಕು ಆಟಕ್ಕೂ ಆಗಬೇಕು. ದೊಡ್ಡಪ್ಪ ಹೊಗೆಸೊಪ್ಪಿನ ದುಡ್ಡಲ್ಲಿ ಒಂದು ಪಾಲು ಕೊಟ್ಟಿದ್ದಾರೆ, ಈ ವರ್ಷ ಇನ್ನೊಂದ್ಸಲ ಕೇಳೋ ಹಾಗಿಲ್ಲ. 2025ರ ಕೊನೆಯಲ್ಲಿ ರ್ಯಾಮ್ ಬೆಲೆ ಬೇರೆ ಬಹಳ ಏರಿತು. ಅವನ ದುಡ್ಡು 8 ಜಿ.ಬಿ.ಗೆ ಮಾತ್ರ ಸಾಲುತ್ತೆ. 4ರ ಎರಡು ಹಾಕಿದರೆ ಈಗಲೇ ಎರಡು ನಲ್ಲಿ ಸಿಕ್ಕಹಾಗೆ. ಆದರೆ ಅವನು ನೋಡಿರೋ ಮದರ್‌ಬೋರ್ಡಿನಲ್ಲಿ ಇರೋದೇ ಎರಡು ಸ್ಲಾಟ್. ಮುಂದೆ ಹೆಚ್ಚು ಮಾಡಬೇಕಾದರೆ ಹಾಕಿದ್ದನ್ನ ಕಿತ್ತಿಡಬೇಕು. 8ರ ಒಂದನ್ನೇ ಹಾಕಿ, ಮುಂದಿನ ವರ್ಷದ ಹರಾಜು ಆದಮೇಲೆ ಅಷ್ಟೇ ಜಿ.ಬಿ.ಯ, ಅದೇ ವೇಗದ ಇನ್ನೊಂದು ತಂದರೆ ದುಡ್ಡು ಪೋಲಾಗಲ್ಲ. ಅಲ್ಲಿವರೆಗೆ ಆಟ ತಡವರಿಸುತ್ತೆ, ತಡ್ಕೋಬೇಕು. ನನಗೆ ಇದೇ ಸರಿ ಅನ್ನಿಸುತ್ತೆ. 16ಕ್ಕೆ ದುಡ್ಡಿದ್ದು ಕಾರ್ಡ್ ಇಲ್ಲದವರು 8ರ ಎರಡು ತರಲಿ.

ಎರಡು ತಂದರೂ ಹಾಕುವ ಜಾಗ ನೋಡಬೇಕು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೆಯದಕ್ಕೆ ಹಾಕುತ್ತಾರೆ. 1 ಮತ್ತು 2ಕ್ಕೆ ಹಾಕಿದರೆ ಎರಡೂ ಒಂದೇ ಚಾನೆಲಿಗೆ ಸೇರಿಬಿಡುತ್ತವೆ. ಬೋರ್ಡಿನ ಜೊತೆ ಬರುವ ಪುಸ್ತಕದಲ್ಲಿ ಇದರ ಚಿತ್ರ ಇರುತ್ತೆ.